100 ಸ್ಟಿಚ್ ಹಾಕಿದೆ, ಪುಸ್ತಕದ ಡಿಸೈನ್ ಯಾಕೆ ಕೂರಲಿಲ್ಲ?

ಪ್ರಶ್ನೆ: ಮೇಡಂ, ನಾನು ಮಡಿಕೇರಿಯವಳು. ಮದುವೆಯಾದಾಗಿನಿಂದ ಮನೆಯವರಿಗೆಲ್ಲ ಸ್ವೆಟರ್ ಹೆಣೆದಿದ್ದೇನೆ. ನಿಟ್ (ನೇರ ಹೆಣಿಗೆ), ಪರ್ಲ್ (ಉಲ್ಟಾ ಹೆಣಿಗೆ), ಎರಡನ್ನೂ ಬೆರೆಸಿದ ರಿಬ್ ಪಟ್ಟಿ, ಒಂದೆರಡು ಜಡೆ ಡಿಸೈನ್ ಬರುತ್ತದೆ. ಲಂಡನ್ನಿನಲ್ಲಿರುವ ಮಗಳು ನೂರಾರು ಡಿಸೈನ್ ಇರುವ ದಪ್ಪ ಪುಸ್ತಕ ಕಳಿಸಿದ್ದಾಳೆ. ಅದರಲ್ಲಿ ಫೆದರ್ ಅಂಡ್ ಫ್ಯಾನ್ ಎಂಬ ಅಲೆ ಅಲೆ ಡಿಸೈನ್ ಇಷ್ಟವಾಗಿ ಅವಳಿಗೇ ಸ್ವೆಟರ್ ಶುರು ಮಾಡಿದೆ. 36 ಇಂಚಿನ ಸ್ವೆಟರ್‌ಗೆ ನಾನು ಯಾವಾಗಲೂ 8ನೇ ನಂಬರ್ ಕಡ್ಡಿಯಲ್ಲಿ ಹಿಂಭಾಗಕ್ಕೆ 100 ಸ್ಟಿಚ್ ಹಾಕುತ್ತೇನೆ. ಇದಕ್ಕೂ ಹಾಗೆಯೇ ಹಾಕಿದೆ. 5 ಅಲೆ ಬಂದು 10 ಸ್ಟಿಚ್ ಉಳಿದವು. ಅವನ್ನು ಸುಮ್ನೆ ಸಾದಾ ಹೆಣೆದೆ. 11 ಇಂಚು ಆದ ಮೇಲೆ ಹರಡಿ ಅಳೆದರೆ ಅಗಲ 22 ಇಂಚು! ಒಂದು ಪಕ್ಕ ಅಲೆ, ಇನ್ನೊಂದು ಪಕ್ಕ ಬೋಳು. ಪುಸ್ತಕದಲ್ಲೇ ತಪ್ಪಿದೆಯಾ? ‘ಅಲ್ಲಿಯ ಪುಸ್ತಕ ಅಲ್ಲಿಯ ಉಣ್ಣೆಗೆ, ನಮ್ಮ ಆಕ್ರಿಲಿಕ್ ಉಲ್ಲನ್‌ಗೆ ಆಗೋದಿಲ್ಲ’ ಅಂತಾಳೆ ನನ್ನ ವಾರಗಿತ್ತಿ. ತೋಳಿನ ಹತ್ತಿರ ಸ್ಟಿಚ್ ಕಮ್ಮಿ ಮಾಡುವಾಗ ಡಿಸೈನ್ ಕೆಡುವುದಿಲ್ಲವೇ? ಚೌಕಗಳ ಚಿತ್ರ ಹೇಗೆ ಓದಬೇಕು? ಇದೇ ಡಿಸೈನಿನಲ್ಲಿ ರೌಂಡ್ ಕಡ್ಡಿಯಲ್ಲಿ ಟೋಪಿ ಮಾಡಬಹುದಾ?
— ಒಬ್ಬ ಓದುಗರು, ಮಡಿಕೇರಿ

ಉತ್ತರ: ಪುಸ್ತಕದಲ್ಲಿ ತಪ್ಪಿಲ್ಲ. ನಿಮ್ಮ ಕೈಯಲ್ಲೂ ತಪ್ಪಿಲ್ಲ. 100 ಅನ್ನೋ ಸಂಖ್ಯೆ ನಿಮ್ಮ ಸಾದಾ ಸ್ವೆಟರಿನದು, ಅದು ಈ ಡಿಸೈನಿಗೆ ಸೇರಿದ್ದಲ್ಲ. ಅಷ್ಟೇ ವಿಷಯ.

ನನ್ನ ಹತ್ತಿರ ಇಂಥ ಪುಸ್ತಕ ಹಿಡಿದುಕೊಂಡು ಬರುವವರೆಲ್ಲ ಚೆನ್ನಾಗಿ ಹೆಣೆಯಬಲ್ಲವರೇ. ಅವರು ಸಿಕ್ಕಿಬೀಳುವುದೂ ಇಲ್ಲೇ. ನಾವೆಲ್ಲ ಕಲಿತದ್ದು ‘ಇಷ್ಟು ಉಲ್ಲನ್ ತನ್ನಿ, ಈ ನಂಬರ್ ಕಡ್ಡಿ, ಇಷ್ಟು ಸ್ಟಿಚ್ ಹಾಕಿ, ಇಷ್ಟು ಇಂಚು ಆದ ಮೇಲೆ ತೋಳಿಗೆ ಕಮ್ಮಿ ಮಾಡಿ’ ಎಂಬ ಲೆಕ್ಕದಲ್ಲಿ. ಅದು ಒಂದು ಸ್ವೆಟರಿನ ಪೂರ್ತಿ ಲೆಕ್ಕ. ನಿಮ್ಮ ಮಗಳು ಕಳಿಸಿದ ಪುಸ್ತಕದಲ್ಲಿ ಸ್ವೆಟರೇ ಇಲ್ಲ, ಡಿಸೈನ್ ಮಾತ್ರ ಇದೆ. ರಂಗೋಲಿ ಪುಸ್ತಕದಲ್ಲಿ ‘7ರಿಂದ 4, ಸಂದು ಚುಕ್ಕಿ’ ಎಂದಷ್ಟೇ ಇರುತ್ತದೆ, ನಿಮ್ಮ ಅಂಗಳ ಎಷ್ಟಗಲ ಎಂದು ಇರುವುದಿಲ್ಲ ಅಲ್ವಾ? ಇದೂ ಹಾಗೆಯೇ. ಅಗಲದ ಲೆಕ್ಕ ನೀವೇ ಹಾಕಿಕೊಳ್ಳಬೇಕು.

ಮೊದಲು ಪುಸ್ತಕ ಏನು ಹೇಳುತ್ತಿದೆ ನೋಡೋಣ. ಈ ಡಿಸೈನಿನ ಮೇಲೆ ‘ಮಲ್ಟಿಪಲ್ ಆಫ್ 18’ ಎಂದು ಇರುತ್ತದೆ. ಅಂದರೆ ಒಂದು ಅಲೆಗೆ 18 ಸ್ಟಿಚ್. ನೀವು ಹಾಕಬಹುದಾದದ್ದು 36, 54, 72, 90, 108. 100ರಲ್ಲಿ 5 ಅಲೆಗೆ 90 ಹೋಗಿ 10 ಉಳಿಯಲೇಬೇಕು. ಬೇರೆ ಕೆಲವು ಡಿಸೈನ್‌ಗಳಿಗೆ ‘8ರ ಮಲ್ಟಿಪಲ್, ಪ್ಲಸ್ 3’ ಎಂಬಂತೆ ಇರುತ್ತದೆ. ಅಲ್ಲಿ 8ರಿಂದ ಭಾಗವಾಗುವ ಯಾವುದಾದರೂ ಸಂಖ್ಯೆಗೆ ಕೊನೆಯಲ್ಲಿ ಒಂದೇ ಸಲ 3 ಸೇರಿಸಬೇಕು. 8 ಅಲೆಯಾದರೆ 64 ಮತ್ತು 3, ಒಟ್ಟು 67. ಆ 3 ಯಾಕೆಂದರೆ ಎಡಪಕ್ಕದಲ್ಲೂ ಡಿಸೈನ್ ಬಲಪಕ್ಕದ ಹಾಗೆಯೇ ಮುಗಿಯಲಿ ಎಂದು. ತುಂಬಾ ಜನ 8ಕ್ಕೆ 3 ಕೂಡಿಸಿ 11ರ ಲೆಕ್ಕದಲ್ಲಿ ಹಾಕಿ ಕೂತಿರುತ್ತಾರೆ. ಸೂಚನೆಯಲ್ಲಿ ನಕ್ಷತ್ರ ಚಿಹ್ನೆಯ ನಡುವೆ ಇರುವುದು ಮತ್ತೆ ಮತ್ತೆ ಮಾಡುವ ಭಾಗ. ಅದರ ಹೊರಗಿನದನ್ನು ಸಾಲಿಗೆ ಒಂದೇ ಸಲ ಮಾಡಬೇಕು. ಪಕ್ಕದ ಹೊಲಿಗೆಗೆ ಬೇಕಾದ ಅಂಚಿನ ಸ್ಟಿಚ್ ಸಾಮಾನ್ಯವಾಗಿ ಈ ಲೆಕ್ಕದಲ್ಲಿ ಇರುವುದಿಲ್ಲ. ಅದನ್ನು ನೀವು ಬೇರೆ ಸೇರಿಸಿಕೊಳ್ಳಬೇಕು.

ಪುಸ್ತಕದಲ್ಲಿ ತಪ್ಪಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಒಂದಿದೆ. ಎಷ್ಟು ಸ್ಟಿಚ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಸಾಲು ಸಾಲಾಗಿ ಕೂಡಿ ನೋಡುವುದು. ನಿಮ್ಮ ಡಿಸೈನಿನಲ್ಲಿ ಬರೀ 4 ಸಾಲು. 1ನೇ ಸಾಲು ಪೂರ್ತಿ ನಿಟ್, 2ನೆಯದು ಪೂರ್ತಿ ಪರ್ಲ್. 3ನೇ ಸಾಲಿನಲ್ಲಿ ಎರಡೆರಡು ಸ್ಟಿಚ್ ಸೇರಿಸಿ ನಿಟ್ 3 ಸಲ. ಆಮೇಲೆ ಉಲ್ಲನ್ ಮುಂದೆ ತಂದು ಒಂದು ನಿಟ್, ಹೀಗೆ 6 ಸಲ. ಮತ್ತೆ ಎರಡೆರಡು ಸೇರಿಸಿ 3 ಸಲ. 4ನೇ ಸಾಲು ಹಿಂಬದಿಯಿಂದ ಪೂರ್ತಿ ನಿಟ್. ಈಗ ಕೂಡಿ ನೋಡಿ. ಒಳಗೆ ಹೋದದ್ದು 6, 6, 6, ಒಟ್ಟು 18. ಹೊರಗೆ ಬಂದದ್ದು 3, 12, 3, ಅದೂ 18. ಸರಿಯಾಗಿದೆ. ಬೇರೆ ಯಾವುದೋ ಡಿಸೈನಿನಲ್ಲಿ ಎರಡೂ ಸಮ ಬರದಿದ್ದರೆ ತಕ್ಷಣ ಪುಸ್ತಕವನ್ನು ಬೈಯಬೇಡಿ. ಕೆಲವು ಡಿಸೈನ್‌ಗಳಲ್ಲಿ ಒಂದು ಸಾಲಿನಲ್ಲಿ ಸ್ಟಿಚ್ ಹೆಚ್ಚಾಗಿ ಮುಂದಿನ ಸಾಲಿನಲ್ಲಿ ಕಮ್ಮಿಯಾಗುತ್ತದೆ. ಡಿಸೈನ್ ಒಂದು ಸುತ್ತು ಮುಗಿದಾಗಲೂ ಮೊದಲಿನ ಸಂಖ್ಯೆಗೆ ಬರದಿದ್ದರೆ ಆಗ ಅದು ಅಚ್ಚಿನ ತಪ್ಪು. ಹಳೆಯ ಪುಸ್ತಕಗಳಲ್ಲಿ ಅಂಥವೂ ಸಿಗುತ್ತವೆ.

ಅಂದ ಹಾಗೆ, ಇದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಡಿಸೈನ್. ಅಲ್ಲಿಯವರು ಇದನ್ನು ಓಲ್ಡ್ ಶೇಲ್ ಎನ್ನುತ್ತಾರೆ. ನಿಮ್ಮ ಪುಸ್ತಕದಲ್ಲಿ ಎರಡು ಹೆಸರಿನಲ್ಲಿ ಎರಡು ಕಡೆ ಕಂಡರೆ ಗಾಬರಿಯಾಗಬೇಡಿ. ನೋಡಲು ಭಾರೀ ಕಷ್ಟದ್ದು ಅನ್ನಿಸಿದರೂ ತಲೆ ಉಪಯೋಗಿಸಬೇಕಾದದ್ದು 4ರಲ್ಲಿ ಒಂದೇ ಸಾಲು.

ಇನ್ನು ಆ 22 ಇಂಚು. ಇದಕ್ಕೆ ಕಾರಣ 3ನೇ ಸಾಲೇ. ಉಲ್ಲನ್ ಮುಂದೆ ತಂದಾಗ ಆಗುವ ತೂತು ಒಂದು ಬಿಚ್ಚಿದ ಕುಣಿಕೆ. ಅದು ಸಾದಾ ಸ್ಟಿಚ್‌ಗಿಂತ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ. 6 ತೂತು ಒಂದೇ ಕಡೆ ಬಂದಾಗ ಬಟ್ಟೆ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಎರಡೆರಡು ಸೇರಿಸಿದ ಕಡೆ ಬಿಗಿಯುತ್ತದೆ. ಅಲೆ ಏಳುವುದು ಈ ಎಳೆದಾಟದಿಂದ.

ನೀವು ಕೊಟ್ಟ ಅಳತೆಯಿಂದಲೇ ಲೆಕ್ಕ ಮಾಡೋಣ. ನಿಮ್ಮ ಸಾದಾ ಹೆಣಿಗೆಯಲ್ಲಿ 100 ಸ್ಟಿಚ್‌ಗೆ ಸುಮಾರು 18 ಇಂಚು, ಅಂದರೆ ಇಂಚಿಗೆ ಐದೂವರೆ ಸ್ಟಿಚ್. ಈಗ 22 ಇಂಚಿನಲ್ಲಿ ಆ ಸಾದಾ 10 ಸ್ಟಿಚ್‌ಗೆ ಹತ್ತಿರ ಹತ್ತಿರ 2 ಇಂಚು ಹೋದರೆ, 5 ಅಲೆಗೆ 20 ಇಂಚು. ಒಂದು ಅಲೆಗೆ 4 ಇಂಚು. ಅಂದರೆ ಇಂಚಿಗೆ ನಾಲ್ಕೂವರೆ ಸ್ಟಿಚ್. ಅದೇ ಕೈ, ಅದೇ ಕಡ್ಡಿ, ಅದೇ ಉಲ್ಲನ್. ಇಂಚಿಗೆ ಒಂದೇ ಸ್ಟಿಚ್ ವ್ಯತ್ಯಾಸ. ಆದರೂ ಹಿಂದೆ 4, ಮುಂದೆ 4, ಒಟ್ಟು 8 ಇಂಚು ಹೆಚ್ಚಾಗುತ್ತದೆ.

ಪ್ರತಿ ಡಿಸೈನಿಗೂ ಇಂಥದ್ದೊಂದು ಸ್ವಭಾವ ಇದೆ. ಲೇಸ್, ಅಂದರೆ ತೂತು ತೂತಿನ ಡಿಸೈನ್, ಅಗಲವಾಗುತ್ತದೆ. ಜಡೆ ಮತ್ತು ರಿಬ್ ಒಳಗೆ ಎಳೆದುಕೊಳ್ಳುತ್ತವೆ, ಹಾಗಾಗಿ ಅದೇ ಅಗಲಕ್ಕೆ ಜಾಸ್ತಿ ಸ್ಟಿಚ್ ಬೇಕು, ಉಲ್ಲನ್ನೂ ಜಾಸ್ತಿ ಬೇಕು. ಹೆಣೆಯದೆ ಸುಮ್ನೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಜಾರಿಸುವ ಡಿಸೈನ್‌ಗಳು ಉದ್ದದಲ್ಲಿ ಕುಗ್ಗುತ್ತವೆ, ಎಷ್ಟು ಹೆಣೆದರೂ ಬೆಳೆಯುವುದೇ ಇಲ್ಲ. ಇದನ್ನೆಲ್ಲ ಫೋಟೊ ನೋಡಿ ಹೇಳಲು ಆಗುವುದಿಲ್ಲ. ಫೋಟೊಗೆ ಹೆಣೆದ ತುಂಡನ್ನು ಒಗೆದು, ಎಳೆದು, ಗುಂಡುಸೂಜಿ ಚುಚ್ಚಿ ಒಣಗಿಸಿರುತ್ತಾರೆ. ತಿಳಿಬಣ್ಣದ ನುಣುಪಾದ ಉಲ್ಲನ್ ಬೇರೆ. ಕಪ್ಪು ಬಣ್ಣದಲ್ಲಿ ಅಥವಾ ಬಣ್ಣ ಬಣ್ಣದ ಉಂಡೆಯಲ್ಲಿ ಅದೇ ಡಿಸೈನ್ ಹೆಣೆದರೆ ಅರ್ಧ ಕಾಣಿಸುವುದೇ ಇಲ್ಲ.

ಆದ್ದರಿಂದ ಸ್ಯಾಂಪಲ್ ಮಾಡಲೇಬೇಕು. ಅದು ಸಮಯ ಹಾಳು ಅಂತ ತುಂಬಾ ಜನ ಮುಖ ಸಿಂಡರಿಸುತ್ತಾರೆ, ನನಗೆ ಗೊತ್ತು. ನೀವು 11 ಇಂಚು ಹೆಣೆದು ನಿಲ್ಲಿಸಿದ್ದೀರಿ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. 2 ಅಲೆಗೆ 36, ಪಕ್ಕಕ್ಕೆ 3, 3, ಒಟ್ಟು 42 ಸ್ಟಿಚ್ ಹಾಕಿ. 4 ಸಾಲಿನ ಡಿಸೈನ್ 6 ಸಲ ಮಾಡಿ ಮುಗಿಸಿ. ಸ್ವೆಟರನ್ನು ಮುಂದೆ ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು, ಟವೆಲ್ ಮೇಲೆ ಹರಡಿ, ಒಣಗಿಸಿ. ಆಮೇಲೆ ಅಂಚು ಬಿಟ್ಟು ಮಧ್ಯದ 36 ಸ್ಟಿಚ್ ಅಳೆಯಿರಿ. ಕಡ್ಡಿಯ ಮೇಲೆ ಇರುವಾಗ ಅಳೆದದ್ದು ಲೆಕ್ಕಕ್ಕಿಲ್ಲ. ಆ ತುಂಡಿಗೆ ಒಂದು ಚೀಟಿ ಕಟ್ಟಿ, ಕಡ್ಡಿಯ ನಂಬರು, ಉಲ್ಲನ್ ಹೆಸರು ಬರೆದಿಡಿ. ಮುಂದಿನ ವರ್ಷ ಅದೇ ಡಿಸೈನ್ ಬೇಕಾದಾಗ ಮತ್ತೆ ಶುರುವಿನಿಂದ ಮಾಡಬೇಕಾಗಿಲ್ಲ.

ನಿಮ್ಮ ವಾರಗಿತ್ತಿಯ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಉಣ್ಣೆಯನ್ನು ನೆನೆಸಿ ಎಳೆದು ಚುಚ್ಚಿ ಒಣಗಿಸಿದರೆ ಆ ಆಕಾರದಲ್ಲೇ ಬಹಳ ಮಟ್ಟಿಗೆ ನಿಲ್ಲುತ್ತದೆ. ಆಕ್ರಿಲಿಕ್ ಹಾಗಲ್ಲ, ಒಣಗಿದ ಮೇಲೆ ಮೊದಲಿನ ಆಕಾರಕ್ಕೆ ವಾಪಸ್ ಹೋಗುತ್ತದೆ. ಹಾಗಾಗಿ ಜೇಡರ ಬಲೆಯಂಥ ತೆಳು ಲೇಸ್‌ಗಳು ಆಕ್ರಿಲಿಕ್‌ನಲ್ಲಿ ಮುದುಡಿಕೊಂಡೇ ಇರುತ್ತವೆ. ಆದರೆ ನಿಮ್ಮ ಡಿಸೈನಿಗೆ ಈ ತೊಂದರೆ ಇಲ್ಲ. ಇದರ ಅಲೆ ಸ್ಟಿಚ್‌ಗಳ ಎಳೆದಾಟದಿಂದಲೇ ಬರುತ್ತದೆ. ಆಕ್ರಿಲಿಕ್‌ನಲ್ಲಿ ಮಕ್ಕಳ ಹೊದಿಕೆಗೆ ಧಾರಾಳವಾಗಿ ಹಾಕುತ್ತಾರೆ. ಜಡೆ, ರಿಬ್, ಒಂದು ನಿಟ್ ಒಂದು ಪರ್ಲ್ ಬೆರೆಸುವ ಮಾಸ್ ಸ್ಟಿಚ್ ಇವೂ ಆಕ್ರಿಲಿಕ್‌ಗೆ ಚೆನ್ನಾಗಿ ಒಗ್ಗುತ್ತವೆ. ಒಂದು ಎಚ್ಚರಿಕೆ: ಆಕ್ರಿಲಿಕ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಬೇಡಿ. ಮೇಲೆ ಎತ್ತಿ ಹಿಡಿದು ಸ್ವಲ್ಪ ಆವಿ ಕೊಡಬಹುದು. ಬಿಸಿ ಜಾಸ್ತಿಯಾದರೆ ಉಲ್ಲನ್ ಪುಟಿಯುವ ಗುಣವನ್ನೇ ಕಳೆದುಕೊಂಡು ಜೋತುಬೀಳುತ್ತದೆ. ಅದನ್ನು ಸರಿಮಾಡಲು ಆಗುವುದಿಲ್ಲ. ಪ್ರಯೋಗ ಏನಿದ್ದರೂ ಸ್ಯಾಂಪಲ್ ಮೇಲೆ ಇರಲಿ.

ಕಡ್ಡಿಯ ನಂಬರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಅಂಗಡಿಗಳಲ್ಲಿ ಕೇಳುವುದು ಹಳೆಯ ಬ್ರಿಟಿಷ್ ನಂಬರು. 8 ಅಂದರೆ 4 ಮಿ.ಮೀ., 10 ಅಂದರೆ 3.25 ಮಿ.ಮೀ. ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಅಮೆರಿಕದಲ್ಲಿ ಇದು ಉಲ್ಟಾ. ಅವರ 8 ಅಂದರೆ 5 ಮಿ.ಮೀ., 10 ಅಂದರೆ 6 ಮಿ.ಮೀ. ಜಪಾನಿನ 8 ಮತ್ತೆ ಬೇರೆ, 4.5 ಮಿ.ಮೀ. ಪುಸ್ತಕದಲ್ಲಿ ನಂಬರ್ ಕಂಡರೆ ಮಿ.ಮೀ. ಎಷ್ಟು ನೋಡಿ. ಅದಿಲ್ಲದಿದ್ದರೆ ಬಿಟ್ಟುಬಿಡಿ. ನಿಮ್ಮ ಉಲ್ಲನ್‌ಗೆ ಹೊಂದುವ ಕಡ್ಡಿಯೇ ಸರಿಯಾದ ಕಡ್ಡಿ.

ಈಗ ಕೈಯಲ್ಲಿರುವ ಸ್ವೆಟರಿಗೆ ಏನು ಮಾಡುವುದು? ನಾನಾದರೆ ಬಿಚ್ಚಿ 84 ಸ್ಟಿಚ್ ಹಾಕುತ್ತೇನೆ. ಮಧ್ಯೆ 72, ಅಂದರೆ 4 ಅಲೆ, 16 ಇಂಚು. ಎರಡೂ ಪಕ್ಕ 6, 6 ಸಾದಾ ಸ್ಟಿಚ್, ಅದಕ್ಕೆ ಇನ್ನೆರಡು ಇಂಚು. ಹೊಲಿಗೆಗೆ ಪಕ್ಕಕ್ಕೊಂದು ಸ್ಟಿಚ್ ಹೋದರೂ 18 ಇಂಚಿಗೆ ಹತ್ತಿರವೇ ಇರುತ್ತದೆ. ಅಲೆ ಎರಡೂ ಪಕ್ಕ ಒಂದೇ ರೀತಿ ಕೂರುತ್ತದೆ. 4ನೇ ಸಾಲಿನ ಗೆರೆ ಆ ಸಾದಾ 6 ಸ್ಟಿಚ್‌ಗಳ ಮೇಲೂ ಬರಲಿ, ಇಲ್ಲದಿದ್ದರೆ ಅಂಚು ತೇಪೆ ಹಾಕಿದಂತೆ ಕಾಣುತ್ತದೆ. ಈ ದಾರಿಯಲ್ಲಿ ಇರುವ ತೊಂದರೆ ಬಿಚ್ಚುವ ಸಂಕಟ ಒಂದೇ. ಬಿಚ್ಚಿದ ಉಲ್ಲನ್ ಗುಂಗುರಾಗಿರುತ್ತದೆ, ಹೆಣೆಯುವಾಗ ಸ್ಟಿಚ್ ಏರುಪೇರು ಕಾಣಬಹುದು. ಲಡಿ ಸುತ್ತಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಒಗೆದು ನೇತುಹಾಕಿದರೆ ತಕ್ಕಮಟ್ಟಿಗೆ ನೆಟ್ಟಗಾಗುತ್ತದೆ.

ಕಡ್ಡಿ ಬದಲಿಸುವುದು ಇನ್ನೊಂದು ದಾರಿ. 10ನೇ ನಂಬರ್ ತೆಗೆದುಕೊಂಡು 92 ಹಾಕುವುದು: 90ಕ್ಕೆ 5 ಅಲೆ, ಹೊಲಿಗೆಗೆ 2. ಆದರೆ ಒಂದು ಅಲೆ 3.6 ಇಂಚಿಗೆ ಇಳಿಯಬೇಕು. ಇಳಿಯುತ್ತದೋ ಇಲ್ಲವೋ ಸ್ಯಾಂಪಲ್ ಹೇಳಬೇಕು. ಬಟ್ಟೆ ದಪ್ಪಗಾಗುತ್ತದೆ, ಉಲ್ಲನ್ ಹೆಚ್ಚು ಬೇಕು, ಲೇಸಿನ ತೂತು ಮುಚ್ಚಿಕೊಂಡಂತೆ ಕಾಣುತ್ತದೆ. ಮಡಿಕೇರಿ ಚಳಿಗೆ ಪರವಾಗಿಲ್ಲ ಅನ್ನಬಹುದು, ಆದರೆ ಅಲೆಯ ಅಂದ ಕಡಿಮೆಯಾಗುತ್ತದೆ. ನನಗೆ ಅಷ್ಟೇನೂ ಇಷ್ಟವಿಲ್ಲ.

ಬಿಚ್ಚಲು ಮನಸ್ಸೇ ಇಲ್ಲದಿದ್ದರೆ, ಇದನ್ನು ಸ್ವೆಟರ್ ಅಂತ ಅನ್ನುವುದನ್ನೇ ಬಿಟ್ಟುಬಿಡಿ. 22 ಇಂಚು ಅಗಲದ ಎರಡು ತುಂಡು ಹೆಣೆದು, ಮೇಲೆ ಕತ್ತಿಗೆ ಜಾಗ ಬಿಟ್ಟು ಹೆಗಲಿನಲ್ಲಿ ಸೇರಿಸಿದರೆ ತಲೆಯ ಮೇಲಿಂದ ಹಾಕಿಕೊಳ್ಳುವ ಒಳ್ಳೆಯ ಪಾಂಚೊ ಆಗುತ್ತದೆ. ಆ ಬೋಳು 10 ಸ್ಟಿಚ್ ಒಂದು ಪಕ್ಕಕ್ಕೆ ಅಂಚಿನ ಪಟ್ಟಿಯಾಗುತ್ತದೆ.

ಲೆಕ್ಕ ಗಟ್ಟಿಯಿರುವವರು ಕೇಳಬಹುದು, 81 ಹಾಕಿದರೆ ನಾಲ್ಕೂವರೆ ಅಲೆ, ಸರಿಯಾಗಿ 18 ಇಂಚು ಬರುತ್ತದಲ್ಲ ಎಂದು. ಬರುತ್ತದೆ. ಆದರೆ ಕುತ್ತಿಗೆಯ ನಡುಭಾಗ ಅಲೆಯ ನಡುವಿಗೂ ಬರುವುದಿಲ್ಲ, ಎರಡು ಅಲೆಗಳ ಸಂದಿಗೂ ಬರುವುದಿಲ್ಲ. ವಿ ಕತ್ತು ಇಟ್ಟರಂತೂ ಸೊಟ್ಟಗೆ ಕಾಣುತ್ತದೆ. 84ರಲ್ಲಿ ಮಧ್ಯದ ಗೆರೆ ಎರಡು ಅಲೆಗಳ ಸಂದಿಗೇ ಬೀಳುತ್ತದೆ.

ತೋಳಿನ ಹತ್ತಿರ ಡಿಸೈನ್ ಕೆಡುತ್ತದೆ ಎಂಬ ಭಯಕ್ಕೆ ಕಾರಣ ಇದೆ. ಪಕ್ಕದಲ್ಲಿ ಸ್ಟಿಚ್ ಕಮ್ಮಿಯಾಗುತ್ತಾ ಹೋದಂತೆ ಎರಡೆರಡು ಸ್ಟಿಚ್ ಸೇರಿಸುವ ಭಾಗ ಹೋಗಿ ತೂತು ಮಾತ್ರ ಉಳಿಯುತ್ತದೆ. ಆಗ ಕಮ್ಮಿ ಮಾಡಿದ ಸ್ಟಿಚ್ ತೂತಿನಿಂದ ಮತ್ತೆ ಹುಟ್ಟಿಕೊಳ್ಳುತ್ತದೆ, ಎಷ್ಟು ಕಮ್ಮಿ ಮಾಡಿದರೂ ಸಂಖ್ಯೆ ಇಳಿಯುವುದಿಲ್ಲ. ಇದಕ್ಕೆ ಒಂದೇ ನಿಯಮ: ಪ್ರತಿ ತೂತಿಗೂ ಜೊತೆಗೆ ಒಂದು ಸೇರಿಸುವಿಕೆ ಇರಬೇಕು. ಜೊತೆ ಇಲ್ಲದ ತೂತನ್ನು ಮಾಡಬೇಡಿ, ಅಲ್ಲಿ ಸಾದಾ ಹೆಣೆಯಿರಿ.

ನಿಮ್ಮ ಡಿಸೈನಿನಲ್ಲಿ ಒಂದು ಅನುಕೂಲ ಇದೆ. ಅರ್ಧ ಅಲೆಗೂ ಲೆಕ್ಕ ಸರಿಹೋಗುತ್ತದೆ. ಎರಡೆರಡು ಸೇರಿಸಿ 3 ಸಲ, ತೂತು ಮತ್ತು ನಿಟ್ 3 ಸಲ: ಒಳಗೆ 9, ಹೊರಗೆ 9. ಈಗ 84ರಿಂದ ನೋಡಿ. ತೋಳಿಗೆ ಎರಡೂ ಪಕ್ಕ 6, 6 ಮುಚ್ಚಿ. ಸಾದಾ ಅಂಚು ಹೋಗಿ 72 ಉಳಿಯಿತು. ಆಮೇಲೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಪಕ್ಕಕ್ಕೊಂದರಂತೆ 4 ಸಲ ಕಮ್ಮಿ ಮಾಡಿ. ಹೀಗೆ ಮಾಡುವಾಗಲೇ ತುದಿಯ ಅರ್ಧ ಅಲೆಯನ್ನು ಸಾದಾ ಹೆಣೆಯಲು ಶುರು ಮಾಡಿ. 64 ಉಳಿದಾಗ ಸಾಲು ಹೀಗಿರುತ್ತದೆ: 5 ಸಾದಾ, ಅರ್ಧ ಅಲೆ 9, ಪೂರ್ತಿ ಅಲೆ ಎರಡಕ್ಕೆ 36, ಅರ್ಧ ಅಲೆ 9, 5 ಸಾದಾ. ಬಲಪಕ್ಕದ ಅರ್ಧದಲ್ಲಿ ಮೊದಲು ತೂತು, ಆಮೇಲೆ ಸೇರಿಸುವುದು. ಎಡಪಕ್ಕದಲ್ಲಿ ಮೊದಲು ಸೇರಿಸುವುದು, ಆಮೇಲೆ ತೂತು. 64 ಸ್ಟಿಚ್ ಅಂದರೆ 14 ಇಂಚಿನ ಆಸುಪಾಸು. ಮಗಳ ಹೆಗಲಿನ ಅಳತೆ ನೋಡಿಕೊಂಡು ಒಂದೆರಡು ಹೆಚ್ಚು ಕಮ್ಮಿ ಮಾಡಿಕೊಳ್ಳಿ. ಮುಂಭಾಗದ ಕುತ್ತಿಗೆಗೂ ಇದೇ ನಿಯಮ.

ಚೌಕದ ಚಿತ್ರಕ್ಕೆ ಬರೋಣ. ಒಂದು ಚೌಕ ಒಂದು ಸ್ಟಿಚ್. ಓದುವುದು ಕೆಳಗಿನಿಂದ ಮೇಲಕ್ಕೆ, ಹೆಣಿಗೆ ಬೆಳೆಯುವ ಹಾಗೆಯೇ. ಮುಂಬದಿಯ ಸಾಲು ಬಲದಿಂದ ಎಡಕ್ಕೆ, ಹಿಂಬದಿಯ ಸಾಲು ಎಡದಿಂದ ಬಲಕ್ಕೆ. ಸಾಲಿನ ನಂಬರು ಯಾವ ಪಕ್ಕದಲ್ಲಿ ಬರೆದಿದೆಯೋ ಆ ಪಕ್ಕದಿಂದ ಶುರು. ಮುಖ್ಯ ವಿಷಯ ಏನೆಂದರೆ, ಚಿತ್ರ ತೋರಿಸುವುದು ಮುಂಬದಿಯಿಂದ ಕಾಣುವ ಬಟ್ಟೆಯನ್ನು. ಪರ್ಲ್ ಗುರುತು ಹಿಂಬದಿಯ ಸಾಲಿನಲ್ಲಿ ಬಂದರೆ ನೀವು ಮಾಡಬೇಕಾದದ್ದು ನಿಟ್. ನಿಮ್ಮ ಡಿಸೈನಿನ 4ನೇ ಸಾಲು ಹಾಗೆಯೇ ಇರುತ್ತದೆ. ‘ಇಲ್ಲಿ ಸ್ಟಿಚ್ ಇಲ್ಲ’ ಎಂಬ ಗುರುತಿನ ಚೌಕವೂ ಕೆಲವೊಮ್ಮೆ ಇರುತ್ತದೆ, ಅದನ್ನು ಹಾರಿ ಮುಂದಿನದಕ್ಕೆ ಹೋಗಿ. ಜಪಾನಿನಲ್ಲಿ ಈ ಗುರುತುಗಳಿಗೆ ರಾಷ್ಟ್ರೀಯ ಮಾನದಂಡವೇ ಇದೆ. ಒಮ್ಮೆ ಕಲಿತರೆ ಅಲ್ಲಿಯ ಪುಸ್ತಕಗಳನ್ನು ಭಾಷೆ ಬಾರದೆಯೂ ಓದಬಹುದು. ಬೇರೆ ಕಡೆಯ ಪುಸ್ತಕಗಳಲ್ಲಿ ಒಬ್ಬೊಬ್ಬರದು ಒಂದೊಂದು ಗುರುತು, ಮೊದಲ ಪುಟಗಳ ಪಟ್ಟಿ ನೋಡದೆ ಶುರು ಮಾಡಬೇಡಿ. ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ ‘ವೂಲ್ ಫಾರ್ವರ್ಡ್’, ‘ವೂಲ್ ರೌಂಡ್ ನೀಡಲ್’ ಎಂದೆಲ್ಲ ಬೇರೆ ಬೇರೆ ಹೆಸರಿರುತ್ತದೆ. ಅಕ್ಕಪಕ್ಕ ನಿಟ್ ಇದೆಯೋ ಪರ್ಲ್ ಇದೆಯೋ ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಕೆಲಸ ಅದೇ, ಕಡ್ಡಿಯ ಮೇಲೆ ಉಲ್ಲನ್ ಸುತ್ತಿ ಒಂದು ಹೊಸ ಸ್ಟಿಚ್ ಮತ್ತು ತೂತು ಮಾಡುವುದು.

ಟೋಪಿ ಧಾರಾಳವಾಗಿ ಆಗುತ್ತದೆ. ರೌಂಡ್ ಕಡ್ಡಿಯಲ್ಲಿ ನೀವು ಯಾವಾಗಲೂ ಮುಂಬದಿಯನ್ನೇ ನೋಡುತ್ತಿರುತ್ತೀರಿ. ಹಾಗಾಗಿ ಹಿಂಬದಿಯ ಸಾಲುಗಳು ತಿರುಗಿಬೀಳುತ್ತವೆ: 1 ಮತ್ತು 2ನೇ ಸುತ್ತು ನಿಟ್, 3ನೆಯದು ಅಲೆ, 4ನೆಯದು ಪರ್ಲ್. ಚಿತ್ರ ಓದುವುದಾದರೆ ಎಲ್ಲ ಸಾಲೂ ಬಲದಿಂದ ಎಡಕ್ಕೆ. ‘ಪ್ಲಸ್ 3’ ಥರದ ಹೆಚ್ಚುವರಿ ಸ್ಟಿಚ್ ಇರುವ ಡಿಸೈನ್‌ಗಳಲ್ಲಿ ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡಬೇಕು, ಸುತ್ತಿನಲ್ಲಿ ಪಕ್ಕವೇ ಇಲ್ಲವಲ್ಲ. ದೊಡ್ಡವರ ಟೋಪಿಗೆ ನಿಮ್ಮ ಕೈಯಲ್ಲಿ 90 ಸಾಕು, 5 ಅಲೆ, 20 ಇಂಚು. 10ನೇ ನಂಬರಿನಲ್ಲಿ ಒಂದೂವರೆ ಇಂಚು ರಿಬ್ ಮಾಡಿ ಆಮೇಲೆ 8ಕ್ಕೆ ಬನ್ನಿ. ರಿಬ್ ಇಲ್ಲದೆ ನೇರ ಅಲೆ ಶುರು ಮಾಡಿದರೆ ಕೆಳಗಿನ ಅಂಚೇ ಅಲೆಯಾಗುತ್ತದೆ. ಚಂದವೇನೋ ಹೌದು, ಆದರೆ ಕಿವಿಯ ಹತ್ತಿರ ಬಿಗಿ ಇರುವುದಿಲ್ಲ. ನೆತ್ತಿಯ ಹತ್ತಿರ ಬಂದಾಗ ಅಲೆ ನಿಲ್ಲಿಸಿ ಸಾದಾ ಹೆಣೆಯಿರಿ. 8 ನಿಟ್, ಎರಡು ಸೇರಿಸಿ ಒಂದು, ಹೀಗೆ ಸುತ್ತಿಗೆ 9 ಸಲ. ಮುಂದಿನ ಸುತ್ತು ಸಾದಾ. ಆಮೇಲೆ 7 ನಿಟ್, ಎರಡು ಸೇರಿಸಿ ಒಂದು. ಹೀಗೆ ಒಂದೊಂದು ಇಳಿಸುತ್ತಾ 9 ಸ್ಟಿಚ್ ಉಳಿದಾಗ ಉಲ್ಲನ್ ಕತ್ತರಿಸಿ, ಸೂಜಿಯಿಂದ ಅವುಗಳೊಳಗೆ ಎರಡು ಸಲ ಹಾಯಿಸಿ ಎಳೆದು ಗಂಟು ಹಾಕಿ. ನೆತ್ತಿ ಕಿರಿದಾದಂತೆ ಸ್ಟಿಚ್‌ಗಳು ರೌಂಡ್ ಕಡ್ಡಿಗೆ ಸಾಲುವುದಿಲ್ಲ. ಎರಡೂ ತುದಿ ಚೂಪಿರುವ ಕಡ್ಡಿಗಳ ಸೆಟ್ ಒಂದನ್ನು ಮೊದಲೇ ತಂದಿಟ್ಟುಕೊಳ್ಳಿ.